ಗುಲ್ಮಕ್ಕೆ ಯಾರೂ ಅಳಲಿಲ್ಲ

ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ನಮ್ಮ ಕಾಂಪೌಂಡಿನ ಆಚೆಯಿಂದ ಒಂದು ಗಂಟಲು ಏಳುತ್ತಿತ್ತು. "ಲೇ ನರ್ಸಮ್ಮ, ಬದ್ಕಿದೀಯೋ ಸತ್ತಿದೀಯೋ?" ನಾನು ಉತ್ತರ ಕೊಡುವುದು ಸ್ವಲ್ಪ ತಡವಾದರೆ ಒಂದು ಮಣ್ಣಿನ ಹೆಂಟೆ ಹಾರಿ ಬಂದು ನಮ್ಮ ಬಚ್ಚಲುಮನೆಯ ಶೀಟಿನ ಮೇಲೆ ಧಡ್ ಎಂದು ಬೀಳುತ್ತಿತ್ತು. "ಬದ್ಕಿದೀನಿ ಕಣಕ್ಕ, ನೀನು?" ಅಂತ ನಾನು ಕೂಗಬೇಕು. "ಜ್ವರ ಇಲ್ಲ" ಅಂತ ಅವಳು ಕೂಗಬೇಕು. ಅಲ್ಲಿಗೆ ನಮ್ಮ ದಿನ ಶುರು. ಈಗ ಆ ಗಂಟಲಿಲ್ಲ. ಶೀಟಿನ ಮೇಲೆ ಹಳೆಯ ಹೆಂಟೆಗಳು ಹಾಗೇ ಬಿದ್ದಿವೆ, ನಾನು ಗುಡಿಸಿಲ್ಲ.

ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಬಾರಿಸುತ್ತಾಳೆ ಎನ್ನುವ ಭಯ ಇನ್ನೂ ಇದೆ ನನಗೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಪಕ್ಕದ ನಮ್ಮೂರಿನಲ್ಲಿ ಅವಳದೊಂದು ಆಲೆಮನೆ ಇತ್ತು. ಕಬ್ಬು ಅರೆದು ಬೆಲ್ಲ ಕಾಯಿಸುವ ಆ ಶೆಡ್ಡು ಅವಳ ಮನೆಯ ಹಿತ್ತಿಲಿನಲ್ಲೇ ಇತ್ತು. ಸರ್ಕಾರಿ ಕೃಷಿ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೂಲಿ ಮಾಡುತ್ತಿದ್ದ ಗಂಡ ಚಿಕ್ಕ ವಯಸ್ಸಿಗೇ ಹೋದ. ಒಬ್ಬಳೇ ಮಗಳನ್ನು ಮಳವಳ್ಳಿ ಕಡೆಗೆ ಕೊಟ್ಟಳು. ಆಲೆಮನೆಯನ್ನು ಬಾಯಿಂದ ಅರ್ಧ, ಕೈಯಿಂದ ಅರ್ಧ ನಡೆಸುತ್ತಿದ್ದಳು. ಹಸಿ ಬೆಲ್ಲದ ಮೇಲೆ ಉಗುಳಿದ ಒಬ್ಬ ಲಾರಿ ಡ್ರೈವರನನ್ನು ಕಬ್ಬಿನ ಜಲ್ಲೆ ಮುರಿಯುವ ತನಕ ಹೊಡೆದಿದ್ದಳು. ಮುರಿದ ಮೇಲೆ ಇನ್ನೊಂದು ಜಲ್ಲೆ ಎತ್ತಿಕೊಂಡಳಂತೆ.

ನನಗೂ ಬಿದ್ದಿದೆ. ನಮ್ಮ ಬಚ್ಚಲ ನೀರು ಅವಳು ಬೆಲ್ಲದ ಅಚ್ಚು ತೊಳೆದಿಡುವ ಜಾಗಕ್ಕೆ ನುಗ್ಗಿತು ಅಂತ ಕೊಡಲಿ ತಂದು ನನ್ನ ತಾಮ್ರದ ಹಂಡೆಯನ್ನು ಜಜ್ಜಿಹಾಕಿದಳು. ನಾನೇನು ಕಮ್ಮಿಯೇ? ಕೆರಗೋಡಿನಲ್ಲಿ ಹುಟ್ಟಿದವಳು. ಜುಟ್ಟು ಹಿಡಿದೆ. ಬಿಡಿಸುವ ಹೊತ್ತಿಗೆ ಅವಳ ಕೂದಲು ಒಂದು ಹಿಡಿ ನನ್ನ ಕೈಯಲ್ಲಿ, ನನ್ನ ರವಿಕೆಯ ತೋಳು ಅವಳ ಕೈಯಲ್ಲಿ. ಆಮೇಲೆ ವರ್ಷಗಟ್ಟಲೆ ಮಾತಿಲ್ಲ, ಕತೆಯಿಲ್ಲ. ನಾನು ಮಂಡ್ಯದ ಆಸ್ಪತ್ರೆಗೆ ಡ್ಯೂಟಿಗೆ ಹೊರಟರೆ ಅವಳು ಬೇಕೆಂದೇ ಬೀದಿಗೆ ಕ್ಯಾಕರಿಸಿ ಉಗಿಯುತ್ತಿದ್ದಳು.

ಹಾಗಿರುವಾಗ ಒಂದು ಸಂಕ್ರಾಂತಿಗೆ ಮುಂಚಿನ ದಿನಗಳು. ಬೆಲ್ಲಕ್ಕೆ ಗಿರಾಕಿ ಜೋರಾಗಿದ್ದ ಕಾಲ. ಗಾಣಕ್ಕೆ ಕಬ್ಬು ಕೊಡುವ ಹೆಂಗಸು ಬಂದಿರಲಿಲ್ಲ ಅಂತ ಇವಳೇ ನಿಂತಿದ್ದಳು. ಕಬ್ಬಿನ ಸೋಗೆ ಮೈ ಕುಯ್ಯದಿರಲಿ ಅಂತ ಸೀರೆಯ ಮೇಲೆ ಸತ್ತ ಗಂಡನ ತುಂಬುತೋಳಿನ ಶರ್ಟು ಹಾಕಿಕೊಳ್ಳುವುದು ಅವಳ ಅಭ್ಯಾಸ. ಎಡಗೈ ತೋಳಿನ ಗುಂಡಿ ಕಿತ್ತುಹೋಗಿತ್ತು. ಜೋಲಾಡುತ್ತಿದ್ದ ಆ ಬಟ್ಟೆಯ ತುದಿಯನ್ನು ಗಾಣದ ಉರುಳೆಗಳು ಕಚ್ಚಿಕೊಂಡವು. ಅವಳ ಮೋಟಾರು ಸ್ವಿಚ್ಚಿಗೆ ನಿಲ್ಲುವಂಥದ್ದಲ್ಲ, ಸ್ವಿಚ್ಚು ಕೆಟ್ಟು ಎಷ್ಟೋ ಕಾಲವಾಗಿತ್ತು. ಕೋಲಿನಿಂದ ಬೆಲ್ಟು ಎಗರಿಸಿ ನಿಲ್ಲಿಸುವುದೇ ಅಲ್ಲಿಯ ರೂಢಿ. ಆ ಗಳಿಗೆಯಲ್ಲಿ ಕೋಲು ಯಾರ ಕೈಗೂ ಸಿಗಲಿಲ್ಲ. ಬೆರಳು ಹೋಯಿತು, ಅಂಗೈ ಹೋಯಿತು, ಮಣಿಕಟ್ಟು ಹೋಯಿತು. ಎಳೆದ ರಭಸಕ್ಕೆ ಅವಳ ಎಡ ಪಕ್ಕೆ ಗಾಣದ ಕಬ್ಬಿಣಕ್ಕೆ ಅಪ್ಪಳಿಸಿತು.

ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದ ಚಿಕ್ಕಣ್ಣ ಅಂತ ಒಬ್ಬ ಆಳು. ಮಳವಳ್ಳಿ ಕಡೆಯವನು, ಇರುವೆಗೂ ದಾರಿ ಬಿಡುವಂಥ ಮನುಷ್ಯ. ಅವನ ಪಕ್ಕದಲ್ಲಿ ಕಬ್ಬು ಸವರುವ ಮಚ್ಚು ಬಿದ್ದಿತ್ತು.

"ಕಡಿಯೋ ಚಿಕ್ಕಣ್ಣಾ!" ಅಂತ ಇವಳು ಅರಚಿದಳು.

"ಅಕ್ಕೋ, ನಾ ಕಡೀನಾರೆ ಕಣಕ್ಕೋ!"

"ಕಡೀದೆ ಇದ್ರೆ ಕತ್ತುಗಂಟ ಎಳ್ಕತದೆ ಕಣ್ಲಾ! ಕಡಿಯೋ ಬೇವರ್ಸಿ, ಕಡಿ!"

ಅವನು ಕಡಿದ. ಒಂದೇ ಏಟಿಗೆ ಆಗಲಿಲ್ಲ. ಮೂಳೆ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಮತ್ತೆ ಮತ್ತೆ ಹೊಡೆದ. ನಾನು ಡ್ಯೂಟಿ ಮುಗಿಸಿ ಬಂದು ಅನ್ನಕ್ಕೆ ಕೂತಿದ್ದೆ. ಆ ಅರಚಾಟ ಕೇಳಿ ಎಂಜಲು ಕೈಯಲ್ಲೇ ಓಡಿದೆ. ಅವಳು ನೆಲದ ಮೇಲಿದ್ದಳು, ಮೊಣಕೈಯಿಂದ ರಕ್ತ ಚಿಲ್ಲೆಂದು ಚಿಮ್ಮುತ್ತಿತ್ತು. ಗಾಣ ಇನ್ನೂ ತಿರುಗುತ್ತಲೇ ಇತ್ತು. ತೊಟ್ಟಿಗೆ ಇಳಿಯುತ್ತಿದ್ದ ಕಬ್ಬಿನ ಹಾಲು ಕೆಂಪಗಾಗಿತ್ತು. ಯಾರದೋ ಟವೆಲು ಕಿತ್ತುಕೊಂಡು ತೋಳಿಗೆ ಬಿಗಿದು, ಮಂಡಿಯೂರಿ ಅದರ ಮೇಲೆ ಕೂತೆ.

"ನೀನ್ಯಾಕೆ ಬಂದೇ?" ಅಂದಳು.

"ಬಾಯ್ ಮುಚ್ಚು" ಅಂದೆ. ಅಷ್ಟು ವರ್ಷಗಳ ಮೇಲೆ ನಾವಾಡಿದ ಮೊದಲ ಮಾತು ಅದು.

ಮಂಡ್ಯದಲ್ಲಿ ಅವಳನ್ನು ನೋಡಿದ ಡಾಕ್ಟರು ಕೈಗಿಂತ ಮೊದಲು ಹೊಟ್ಟೆ ಮುಟ್ಟಿದರು. ಕೈಯ ರಕ್ತ ಹೊರಗೆ ಹೋಗುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ಹೊಟ್ಟೆಯೊಳಗೆ ಯಾರಿಗೂ ಕಾಣದ ಹಾಗೆ ತುಂಬಿಕೊಳ್ಳುತ್ತಿತ್ತು. ಪಕ್ಕೆಗೆ ಬಿದ್ದ ಏಟಿಗೆ ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ ಒಡೆದುಹೋಗಿತ್ತು. ರಕ್ತ ಸೋಸಿ ರೋಗಾಣುಗಳನ್ನು ಹಿಡಿದು ಹಾಕುವ ಅಂಗ ಅದು. ಹೊಲಿಯುವುದಕ್ಕೆ ಏನೂ ಉಳಿದಿರಲಿಲ್ಲ, ತೆಗೆದುಹಾಕಿದರು.

ಮೊದಲ ದಿನಗಳಲ್ಲಿ ಅವಳ ಮೈ ಹುಚ್ಚೆದ್ದಿತ್ತು. ಜ್ವರ ಕೆಂಡದಂತೆ. ಮುಖ ಎಷ್ಟು ಊದಿತ್ತೆಂದರೆ ಮಗಳು ಮಂಚದ ಹತ್ತಿರ ಬಂದು "ಇವ್ರಲ್ಲ ನಮ್ಮವ್ವ" ಅಂತ ವಾಪಸು ಹೊರಟಿದ್ದಳು. ಶ್ವಾಸಕೋಶಕ್ಕೆ ನೀರು ತುಂಬಿ ಮಿಷನ್ನಿಗೆ ಹಾಕಬೇಕಾಯಿತು. ಮಗಳು ಡಾಕ್ಟರ ಮೇಲೇ ಎಗರಿದಳು. "ಕೈ ತಾನೆ ಸಾರ್ ಓಗಿದ್ದು? ಮುಖ ಯಾಕಿಂಗೆ ಊದದೆ? ಉಸ್ರಾಡಕ್ಕೆ ಯಾಕಾಯ್ತಿಲ್ಲ? ಏನ್ ಮಾಡುದ್ರಿ ನಮ್ಮವ್ವನ್ನ?"

ಡಾಕ್ಟರು ಒಳ್ಳೆಯವರು, ಅವಳನ್ನು ಕೂರಿಸಿಕೊಂಡು ಹೇಳಿದರು. "ಗಾಯ ಕೈಗಮ್ಮ, ಏಟು ಇಡೀ ಮೈಗೆ. ನಿಮ್ಮೂರಲ್ಲಿ ದೊಡ್ಡ ಹೊಡೆದಾಟ ಆದರೆ ಹೇಗೆ? ಎಲ್ಲರೂ ದೊಣ್ಣೆ ಹಿಡಿದು ಬರ್ತಾರೆ, ಕತ್ತಲಲ್ಲಿ ನಮ್ಮವನು ಯಾರು ನಿಮ್ಮವನು ಯಾರು ಅಂತ ನೋಡದೆ ಹೊಡೀತಾರೆ. ಮೈಯನ್ನ ಕಾಯೋ ಶಕ್ತಿ ಈಗ ಹಾಗೆ ತನ್ನ ಮೈಯನ್ನೇ ಹೊಡೀತಿದೆ. ಇದು ಇಳಿಯುತ್ತೆ. ಇಳಿದ ಮೇಲಿನದ್ದೇ ನನಗೆ ಇನ್ನೂ ಭಯ. ಆಗ ಹೊಡೆದಾಡಿದವರೆಲ್ಲ ಸುಸ್ತಾಗಿ ಬಿದ್ದಿರ್ತಾರೆ. ಒಬ್ಬ ಪುಟಗೋಸಿ ಕಳ್ಳ ಬಂದರೂ ಕೇಳೋರಿರಲ್ಲ."

ಜ್ವರ ಇಳಿಯಿತು. ಊತ ಇಳಿಯಿತು. ಹೊಲಿಗೆ ಒಣಗಿತು. ಜನರಲ್ ವಾರ್ಡಿಗೆ ತಂದರು. ನಮ್ಮ ಕಡೆ ರೋಗಿಯನ್ನು ನೋಡಲು ಹೋಗದಿದ್ದರೆ ಅದು ತಲೆಮಾರು ದಾಟುವ ದ್ವೇಷ. ಐಸಿಯುವಿನಲ್ಲಿದ್ದಾಗ ಒಳಗೆ ಹೋಗಲಾಗದಿದ್ದ ನೆಂಟರೆಲ್ಲ ಈಗ ಒಟ್ಟಿಗೆ ಹೊರಟರು. ಮಳವಳ್ಳಿಯಿಂದ ಒಂದು ಟೆಂಪೋ ತುಂಬಾ ಬಂದಿಳಿದರು, ಬ್ರೆಡ್ಡು, ಎಳನೀರು, ಮೂಸಂಬಿ, ಸೊಂಟದಲ್ಲಿ ಸಿಂಬಳ ಸುರಿಸುವ ಮಕ್ಕಳು. ಮುಂದೆ ಅವಳ ಚಿಕ್ಕಮ್ಮ, ಖೊಳ್ ಖೊಳ್ ಅಂತ ಕೆಮ್ಮುತ್ತಾ.

ನಾನು ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ. ಅವರ ಕಣ್ಣಿಗೆ ಅವಳು ವಾಸಿಯಾಗಿದ್ದಳು. ನನಗೆ ಗೊತ್ತಿತ್ತು, ಜ್ವರ ಬರಿಸುವುದಕ್ಕೂ ಮೈಗೆ ತಾಕತ್ತು ಬೇಕು, ಅವಳ ಮೈಯಲ್ಲಿ ಈಗ ಅದೂ ಇಲ್ಲ ಅಂತ. ಯಾರು ಕೇಳುತ್ತಾರೆ? "ಅಂಡೆ ಜಗ್ಳ ಇನ್ನೂ ಮರ್ತಿಲ್ಲ ಕಣಮ್ಮ ಇವ್ಳು, ಸೇಡು ತೀರುಸ್ಕತಾವ್ಳೆ" ಅಂತ ಒಬ್ಬಳು. ನನ್ನ ಭುಜ ಹಿಡಿದು ನೂಕಿದವಳು ಇನ್ನೊಬ್ಬಳು. ಅಷ್ಟರಲ್ಲಿ ಮಂಚದಿಂದಲೇ ಇವಳ ಗಂಟಲು ಬಂತು. "ಬುಡೇ ಒಳೀಕೆ! ನಮ್ ಜನವ ತಡ್ಯಕ್ಕೆ ನೀನ್ಯಾವ್ಳೇ?" ಜೊತೆಗೆ ಸ್ಟೀಲ್ ಲೋಟ ಹಾರಿ ಬಂದು ನನ್ನ ಹುಬ್ಬಿಗೆ ತಗುಲಿತು. ಆ ಗಾಯದ ಗುರುತು ಈಗಲೂ ಇದೆ. ಎಲ್ಲರೂ ನುಗ್ಗಿದರು. ಚಿಕ್ಕಮ್ಮ ಅವಳನ್ನು ಎದೆಗೆ ಅವುಚಿಕೊಂಡು, ಅತ್ತು, ಕೆಮ್ಮಿ, ಎರಡೂ ಕೆನ್ನೆಗೆ ಮುತ್ತಿಟ್ಟಳು.

ವಾರ ಕಳೆಯುವುದರೊಳಗೆ ಅವಳಿಗೆ ನ್ಯುಮೋನಿಯಾ. ಮತ್ತೆ ಮಿಷನ್ನು. ಮಚ್ಚಿನ ಏಟಿಗೆ ಸಾಯದವಳು ಒಂದು ಮುತ್ತಿಗೆ ಸಾಯುವುದರಲ್ಲಿದ್ದಳು. ಹೇಗೋ ಬದುಕಿದಳು. ನಳಿಕೆ ತೆಗೆದ ಮೇಲೆ ಮೊದಲು ನನ್ನನ್ನೇ ಕರೆಸಿದಳು. ನನ್ನ ಹುಬ್ಬಿನ ಹೊಲಿಗೆಯನ್ನು ನೋಡಿ, "ನೋಯ್ತದಾ?" ಅಂದಳು. "ಇಲ್ಲ, ಸುಖವಾಗದೆ" ಅಂದೆ. "ಇನ್ಮ್ಯಾಕೆ ನನ್ ಬಾಗ್ಲಿಗೆ ನೀನೇ ಕಾವ್ಲು. ಯಾವೋನ್ ಬಂದ್ರೂ ಒದ್ದು ಆಚ್ಗಾಕು. ನಾನೇ ಬುಡು ಅಂದ್ರೂ ಬುಡ್ಬ್ಯಾಡ."

ಊರಿಗೆ ಕಳಿಸುವಾಗ ಡಾಕ್ಟರು ಲಸಿಕೆಗಳನ್ನು ಹಾಕಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು. ಸುಸ್ತಾಗಿ ಬಿದ್ದ ಕಾವಲು ನಿಧಾನಕ್ಕೆ ಏಳುತ್ತದೆ, ಪೂರಾ ಏಳುತ್ತದೋ ಇಲ್ಲವೋ ಹೇಳಲಾಗದು. ಹೋದ ಗುಲ್ಮ ಮಾತ್ರ ಬರುವುದಿಲ್ಲ. ಜ್ವರ ಬಂದರೆ ನಾಳೆ ನೋಡೋಣ ಅನ್ನುವಂತಿಲ್ಲ, ಬೇರೆಯವರನ್ನು ಮಲಗಿಸುವ ಜ್ವರ ಇವಳನ್ನು ಒಂದೇ ದಿನದಲ್ಲಿ ಕೊಲ್ಲಬಹುದು. ಬೆಳಗಿನ ನಮ್ಮ ಕೂಗಾಟ ಹುಟ್ಟಿದ್ದು ಹೀಗೆ.

ಇದನ್ನು ಊರಿಗೆ ತಿಳಿಸುವುದರಲ್ಲಿ ನನ್ನ ಗಂಟಲು ಹರಿಯಿತು. ಒಣಗಿದ ಮೊಂಡುಗೈ ನೋಡಿ "ಚೆನ್ನಾಗಾಗವ್ಳಲ್ಲ" ಅನ್ನುತ್ತಿದ್ದರು. ಹೆಂಗಸರು ಅವಳ ಖಾಲಿ ತೋಳು ಸವರಿ ಕಣ್ಣೀರು ಹಾಕುತ್ತಿದ್ದರು. ಒಂದು ದಿನ ಅವಳೇ ಸಿಡಿದಳು. "ಕೈ ಓಯ್ತು ಅಂತ ಊರೆಲ್ಲಾ ಅಳ್ತೀರಿ. ಗುಲ್ಮ ಓಯ್ತು ಅಂತ ಒಬ್ಳಾದ್ರೂ ಅತ್ರೇನ್ರೇ? ಕೈ ಇಲ್ದಿದ್ರೆ ಒಂದೇ ಕೈಲಿ ಉಣ್ತೀನಿ. ಅದಿಲ್ದಿದ್ದಕ್ಕೇ ಕಣ್ರೇ ನಿಮ್ ಮಕ್ಕಳ್ನ ಎತ್ಕೊಳಕ್ಕೆ ಇವ್ಳು ಬುಡ್ತಿಲ್ಲ." ಹೀಗೆ ಹೇಳಿ ನನ್ನ ಕಡೆ ಕೆಕ್ಕರಿಸಿದಳು. ಮಕ್ಕಳೆಂದರೆ ಅವಳಿಗೆ ಪ್ರಾಣ ಎಂಬುದು ನನಗೆ ಗೊತ್ತಾದದ್ದೇ ಆವತ್ತು.

ಆಲೆಮನೆ ಮತ್ತೆ ಶುರುವಾಯಿತು. ಈ ಸಲ ಮೊದಲು ರಿಪೇರಿಯಾದದ್ದು ಸ್ವಿಚ್ಚು. ಅವಳು ಬಲಗೈಯಲ್ಲಿ ಜಲ್ಲೆ ಹಿಡಿದು ದೂರದಿಂದಲೇ ಎಲ್ಲರನ್ನೂ ಬಯ್ಯುತ್ತಾ ನಿಲ್ಲುತ್ತಿದ್ದಳು. ಚಿಕ್ಕಣ್ಣ ಕೆಲಸ ಬಿಡಲಿಲ್ಲ, ಬಿಡುವುದಕ್ಕೆ ಅವಳು ಬಿಡಲಿಲ್ಲ. ಆದರೆ ಅವನು ಮತ್ತೆ ಮಚ್ಚು ಮುಟ್ಟಲಿಲ್ಲ. ಎಳನೀರು ಕೆತ್ತುತ್ತಿರಲಿಲ್ಲ, ತೆಂಗಿನಕಾಯನ್ನು ಕಲ್ಲಿಗೆ ಬಡಿದು ಒಡೆಯುತ್ತಿದ್ದ. ಯಾವಾಗಲೂ ಅವಳ ಬಲಗಡೆಗೇ ನಿಲ್ಲುತ್ತಿದ್ದ, ಮೊಂಡುಗೈ ಕಣ್ಣಿಗೆ ಬೀಳದ ಹಾಗೆ. ಊರಿಗೆ ಅವನು ಕೈ ಕಡಿದ ಚಿಕ್ಕಣ್ಣನಾದ.

ಮದ್ದೂರಿನಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಒಬ್ಬ ಆ ಮಾತನ್ನು ಇವಳ ಎದುರಿಗೇ ಆಡಿದ. "ಏನಕ್ಕ, ಕೈ ಕಡುದೋನ್ಗೇ ಸಂಬ್ಳ ಕೊಡ್ತಿದೀಯಂತೆ?" ಇವಳು ಗ್ಲಾಸು ಕೆಳಗಿಟ್ಟು, ಎದ್ದು, ಮೊಂಡುಗೈಯಿಂದಲೇ ಅವನ ಮೂತಿಗೆ ಗುದ್ದಿದಳು. ಹಲ್ಲು ಅಲ್ಲಾಡಿ ರಕ್ತ ಬಂತು. "ಅವ್ನು ಕಡೀದಿದ್ರೆ ಗಾಣ ನನ್ನೇ ಬೆಲ್ಲ ಮಾಡ್ತಿತ್ತು ಕಣ್ಲಾ. ತಿನ್ನಕ್ಕೆ ನೀನ್ ಬತ್ತಿದ್ಯಾ?" ಜನ ನಕ್ಕರು. ನಾನು ನಗಲಿಲ್ಲ. ಅವನ ಹಲ್ಲು ತಾಗಿ ಅವಳ ಮೊಂಡುಗೈ ತರಚಿತ್ತು. ಮನುಷ್ಯನ ಬಾಯಿಗಿಂತ ಕೊಳಕು ಇನ್ನೊಂದಿದೆಯೇ? ಅಲ್ಲೇ ಸೋಪು ಹಾಕಿ ತೊಳೆದು, ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೇರ ಮಂಡ್ಯಕ್ಕೆ ಹೊರಟೆ. ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಗುದ್ದುತ್ತಾ, "ತರ್ಚಿದ್ಕೆಲ್ಲಾ ಆಸ್ಪತ್ರೆಯಾ? ಮಾನ ಕಳೀತೀಯ" ಅನ್ನುತ್ತಿದ್ದಳು. ಆಗಲೂ ಒಂದು ವಾರ ಔಷಧಿ ನಡೆಯಿತು.

ಕಾಯಿಲೆಯವರನ್ನು ನೋಡಲು ಹೋಗದೆ ಇರುವುದು ಮಾತ್ರ ಅವಳಿಗೆ ಸಾಧ್ಯವಿರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದಳು. ಬೀದಿಯಲ್ಲೇ ನಿಂತು, "ಲೇ, ಇದೀಯೇನ್ಲಾ ಇನ್ನೂ?" ಅಂತ ಕೂಗಿ, ಬ್ರೆಡ್ಡಿನ ಪೊಟ್ಟಣವನ್ನು ಕಿಟಕಿಯಿಂದ ಒಳಕ್ಕೆ ಎಸೆಯುವುದು. ಒಬ್ಬ ಮುದುಕನ ತಲೆಗೆ ಮೂಸಂಬಿ ಬಿದ್ದು ದೊಡ್ಡ ಗಲಾಟೆಯಾಯಿತು. ಕ್ರಮೇಣ ಊರಿಗೂ ಅಭ್ಯಾಸವಾಯಿತು. ಅವಳ ಮನೆಗೆ ಬರುವವರೂ ಗೇಟಿನಲ್ಲೇ ನಿಂತು, ನಾನು "ಬಾ" ಅನ್ನುವವರೆಗೆ ಕಾಯುತ್ತಿದ್ದರು. ಮೂಗು ಸೊರಗುಟ್ಟಿದರೆ ಗೇಟಿನಿಂದಲೇ ವಾಪಸು. ಅವಳ ಸ್ವಂತ ಮಗಳನ್ನೂ ನಾನು ಹಾಗೆ ಕಳಿಸಿದ್ದೇನೆ.

ಈ ವರ್ಷ ಚಳಿ ಬಿದ್ದಾಗ ಚಿಕ್ಕಣ್ಣ ಕೆಮ್ಮಿಕೊಂಡು ತನ್ನ ಊರಿಗೆ ಹೋದವನು ಬರಲಿಲ್ಲ. ಅವನ ಹೆಂಡತಿ ಫೋನು ಮಾಡಿ ಅತ್ತಳು. ನ್ಯುಮೋನಿಯಾ ಅಂದಿದ್ದಾರೆ, ಆಸ್ಪತ್ರೆಯಿಂದ ಎದ್ದು ಬಂದುಬಿಟ್ಟಿದ್ದಾನೆ, ಮಾತ್ರೆ ನುಂಗುವುದಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದಾನೆ. "ಅಕ್ಕನ ಕೈ ಕಡುದ ಪಾಪ, ಇಂಗೇ ಓಗ್ಲಿ ಬುಡು ಅಂತಾನೆ. ಅಕ್ಕ ಒಂದ್ಸಲ ಬಂದು ಬೈದ್ರೆ ನುಂಗ್ತಾನೇನೋ."

ಇವಳು ಚಪ್ಪಲಿ ಮೆಟ್ಟಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾನೇ ಬುಡು ಅಂದ್ರೂ ಬುಡ್ಬ್ಯಾಡ ಅಂತ ನೀನೇ ಅಂದಿದ್ದೆ ಕಣಕ್ಕ. ಅವನೆದೇಲಿರೋದು ನಿನ್ನ ಕೊಲ್ಲೋ ಕಾಯಿಲೆ. ಬೇಕಾದ್ರೆ ಕಿಟಕಿ ಆಚೆ ನಿಂತ್ಕೊಂಡು ಬೈದು ಬಾ."

ಅವಳು ಕೂಗಾಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. "ಕಿಟ್ಕಿ ಆಚೆ ನಿಂತ್ಕಂಡು ಕಡುದ್ನೇನೇ ಅವ್ನು, ನನ್ ಕೈಯ?" ಅಂದಳು.

ಬಾಗಿಲು ಬಿಟ್ಟೆ. ಅವಳಿಗೆ ಮಾಸ್ಕು ಕಟ್ಟಿ, ನಾನೂ ಜೊತೆಗೆ ಹೊರಟೆ.

ಚಿಕ್ಕಣ್ಣ ಒಂದು ಕಂಬಳಿಯೊಳಗೆ ಮೂಳೆಯಾಗಿ ಮಲಗಿದ್ದ. ಇವಳು ಕರೆದರೂ ತಿರುಗಲಿಲ್ಲ. ಮಾಸ್ಕು ಕಿತ್ತು ನನ್ನ ಕಡೆ ಎಸೆದಳು. "ಈ ಬಟ್ಟೆ ಕಟ್ಕಂಡು ಬೈದ್ರೆ ನಾಟಲ್ಲ ಕಣೇ." ಅವನ ಭುಜ ಹಿಡಿದು ಅಂಗಾತ ಕೆಡವಿ, ಕೆನ್ನೆಗೆ ಒಂದು ಬಿಟ್ಟಳು. ಅವನ ಕೈ ಹಿಡಿದು ಎಳೆದು ತನ್ನ ಮೊಂಡುಗೈಯ ಮೇಲೆ ಒತ್ತಿ ಹಿಡಿದಳು. "ಮುಟ್ಲಾ. ಮುಟ್ಟು ನೋಡು. ಒಣಗದೆ. ನೀನ್ ಕಡುದ್ದಕ್ಕೇ ಒಣಗದೆ, ಇಲ್ದಿದ್ರೆ ಒಣಗಕ್ಕೆ ನಾನೇ ಇರ್ತಿರ್ಲಿಲ್ಲ. ನನ್ ಉಳ್ಸಿ ನೀನ್ ಸಾಯ್ತೀಯಾ? ನಾಚ್ಕೆ ಆಗಲ್ವಾ?" ಅವನು ಗೊಳೋ ಅಂತ ಅತ್ತ. ಅತ್ತದ್ದು ಕೆಮ್ಮಾಯಿತು, ಎಲ್ಲ ಅವಳ ಮುಖಕ್ಕೇ. ಅವಳು ಮುಖ ಒರೆಸಿಕೊಳ್ಳಲೂ ಇಲ್ಲ. ಮಾತ್ರೆ ಅವನ ಬಾಯಿಗೆ ತುರುಕಿ, ನುಂಗುವ ತನಕ ದವಡೆ ಅದುಮಿ ಹಿಡಿದಿದ್ದಳು. ನಾನು ನೋಡುತ್ತಾ ನಿಂತಿದ್ದೆ.

ಚಿಕ್ಕಣ್ಣ ಚೇತರಿಸಿಕೊಂಡ. ಅವನು ಎದ್ದು ಗಂಜಿ ಕುಡಿದ ಅಂತ ಫೋನು ಬಂದ ಮರುದಿನ ಬೆಳಿಗ್ಗೆ, ಡೈರಿ ಹೊತ್ತಿಗೆ, ಕಾಂಪೌಂಡಿನ ಆಚೆಯಿಂದ ಕೂಗು ಬಂತು. "ಲೇ ನರ್ಸಮ್ಮ."

"ಬದ್ಕಿದೀನಿ ಕಣಕ್ಕ, ನೀನು?"

"ಬಂತು ಕಣೇ" ಅಂದಳು.

ಒಂದು ಗಳಿಗೆಯೂ ತಡ ಮಾಡಲಿಲ್ಲ, ಅವಳೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಇದಕ್ಕೆಂದೇ ಡಾಕ್ಟರು ಹೇಳಿ ಮನೆಯಲ್ಲಿಡಿಸಿದ್ದ ಇಂಜೆಕ್ಷನ್ನು ಕೊಟ್ಟೇ ಕಾರು ಹತ್ತಿಸಿದೆ. ಮಂಡ್ಯ ಮುಟ್ಟುವ ಹೊತ್ತಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಕಾಲಿನ ಬೆರಳುಗಳು ನೀಲಿ ತಿರುಗಿದ್ದವು. ಮಧ್ಯಾಹ್ನಕ್ಕೆ ಮೈಮೇಲೆಲ್ಲ ರಕ್ತದ ಚುಕ್ಕೆ. ಡಾಕ್ಟರು ಓಡಾಡಿದರು, ಬಾಟಲಿಗಳ ಮೇಲೆ ಬಾಟಲಿ ಏರಿಸಿದರು. ಎಚ್ಚರವಿದ್ದಾಗ ನನ್ನ ಜಡೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. "ಚಿಕ್ಕಣ್ಣಂಗೆ ಯೋಳ್ಬ್ಯಾಡ, ಅವನಿಂದ್ಲೇ ಬಂತು ಅಂತ." ಆ ಹಿಡಿತ ಬಿಡಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಹೊತ್ತು ಮುಳುಗುವ ಮೊದಲೇ ಅದು ತಾನಾಗಿ ಸಡಿಲವಾಯಿತು.

ಮರುದಿನ ಅವಳನ್ನು ಅವಳ ಮನೆಯ ಹಜಾರದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಕೊರಳ ತುಂಬ ಹೂವು. ಒಳಗೆ ಮಗಳು ಒಬ್ಬಳೇ ಬಿಕ್ಕುತ್ತಿದ್ದಳು. ಇನ್ನು ಯಾರೂ ಇಲ್ಲ. ಏನಿದು ಅಂತ ಹೊರಗೆ ಬಂದು ನೋಡಿದರೆ ಇಡೀ ಊರು ಗೇಟಿನ ಆಚೆ ನಿಂತಿದೆ. ಇಷ್ಟು ವರ್ಷದ ಅಭ್ಯಾಸ. ಹಾರ ಹಿಡಿದುಕೊಂಡು, ಮಕ್ಕಳನ್ನು ಎತ್ತಿಕೊಂಡು, ನನ್ನ ಬಾಯಿ ನೋಡುತ್ತಿದ್ದಾರೆ.

"ಬನ್ರೋ ಒಳಕ್ಕೆ!" ಅಂತ ಕಿರುಚಿದೆ. "ಯಾಕ್ರೋ ನಿಂತಿದೀರಿ? ಬನ್ನಿ! ಇನ್ನೇನೂ ಆಗಲ್ಲ ಅವಳಿಗೆ!"

ಚಿಕ್ಕಣ್ಣ ಅವರ ಜೊತೆಯಲ್ಲೂ ಇರಲಿಲ್ಲ. ಮನೆಯ ಪಕ್ಕದ ಓಣಿಯಲ್ಲಿ, ಹಜಾರದ ಕಿಟಕಿಯ ಸರಳು ಹಿಡಿದು ಹೊರಗೇ ನಿಂತಿದ್ದ. ಹೋಗಿ ಅವನ ಶರ್ಟಿನ ಕತ್ತುಪಟ್ಟಿ ಹಿಡಿದು ದರದರ ಎಳೆದುಕೊಂಡು ಬಂದೆ. ಜ್ವರ ಎಲ್ಲಿಂದ ಬಂತು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವನು ತಾನಾಗಿಯೇ ಅವಳ ಎಡಗಡೆಗೆ ಹೋಗಿ ಕುಳಿತ.

ಆಮೇಲೆ ಜನ ನುಗ್ಗಿದರು. ಎಲ್ಲರ ಮುಂದೆ ಮಳವಳ್ಳಿಯ ಚಿಕ್ಕಮ್ಮ, ಈಗ ಬೆನ್ನು ಬಾಗಿದೆ, ಕೆಮ್ಮು ಹಾಗೇ ಇದೆ. ಖೊಳ್ ಖೊಳ್ ಅನ್ನುತ್ತಲೇ ಹೋಗಿ ಅವಳನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ನಾನು ಬಾಗಿಲಲ್ಲೇ ನಿಂತಿದ್ದೆ. ತಡೆಯಲಿಲ್ಲ.